ಕೆಂಪಿಯ ಹೊಟ್ಟೆಗೆ ಹಚ್ಚಿದ ಲೇಪ

ಹಸುವಿನ ಕೆಚ್ಚಲು ಬಾತರೆ ನಮ್ಮ ಸುತ್ತಲಿನ ಹಳ್ಳಿಯವರು ಪಶುವೈದ್ಯರಿಗೆ ಫೋನ್ ಮಾಡುವ ಮೊದಲು ನನ್ನ ಬಾಗಿಲಿಗೆ ಬರುತ್ತಿದ್ದರು. ಜಂಬಕ್ಕೆ ಹೇಳುತ್ತಿಲ್ಲ. ಜಂಬ ಇತ್ತು, ಬೇಕಾದಷ್ಟಿತ್ತು, ಈಗಿಲ್ಲ. ಕಾಮಸಮುದ್ರದ ಕಡೆಯ ಒಂದು ಸಣ್ಣ ಊರಲ್ಲಿ ಮಹಿಳಾ ಹಾಲು ಸಂಘದ ಕಾರ್ಯದರ್ಶಿ ನಾನು. ಲೋಳೆಸರ, ಅರಿಶಿನ, ಸುಣ್ಣ ಮೂರನ್ನೂ ಒರಳಿಗೆ ಹಾಕಿ ನುಣ್ಣಗೆ ರುಬ್ಬಿ, ಕೆಟ್ಟ ಹಾಲನ್ನು ಪೂರ್ತಿ ಹಿಂಡಿ ತೆಗೆದು, ದಿನಕ್ಕೆ ಹಲವು ಸಲ ತೆಳ್ಳಗೆ ಹಚ್ಚಬೇಕು. ಐದು ದಿನಕ್ಕೆ ಬಾವು ಇಳಿಯುತ್ತದೆ. ಎಷ್ಟೋ ಹಸುಗಳಿಗೆ ಇಳಿದಿದೆ. "ರತ್ನಕ್ಕನ ಕೈ ಬಿದ್ರೆ ಸಾಕು" ಅಂತ ಹೆಂಗಸರು ಹೇಳುವುದನ್ನು ಕೇಳಿ ಕೇಳಿ ನನಗೂ ಹಾಗೇ ಅನ್ನಿಸಿಬಿಟ್ಟಿತ್ತು.

ಇದು ಆ ಕೈ ಮಾಡಿದ ತಪ್ಪಿನ ಕಥೆ. ನಾಯಿಗೆ ಬಂದ ಕ್ಯಾನ್ಸರಿನ ಕಥೆ ಅಂದರೆ ಕೆಲವರು ನಗಬಹುದು. ನಗುವವರು ನಗಲಿ. ಆಸ್ಪತ್ರೆಯ ಬೆಂಚಿನ ಮೇಲೆ ಪ್ರಾಣಿಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು, ತಾನೇ ತಡ ಮಾಡಿಬಿಟ್ಟೆ ಅಂತ ಒಳಗೊಳಗೇ ಸಾಯುತ್ತಿರುವವರು ಯಾರಾದರೂ ಇದ್ದರೆ, ಅವರಿಗಾಗಿ ಬರೆಯುತ್ತಿದ್ದೇನೆ.

ಕೆಂಪಿ ನಮ್ಮ ಮನೆಗೆ ಬಂದಾಗ ಅಂಗೈ ಮೇಲೆ ಕೂರುವಷ್ಟಿತ್ತು. ಯಾರೋ ಸಂಘದ ಬಾಗಿಲಲ್ಲಿ ಬಿಟ್ಟು ಹೋಗಿದ್ದರು. ಏಳು ವರ್ಷ ನಮ್ಮ ಕೊಟ್ಟಿಗೆಯಲ್ಲೇ ಮಲಗಿತು, ಹಸುಗಳ ಕಾಲ ನಡುವೆಯೇ ಬೆಳೆಯಿತು. ಕಾಡಿನ ಕಡೆಯಿಂದ ಆನೆ ಇಳಿದ ಬೆಳಗ್ಗೆ ಅದರ ಬೊಗಳಿಕೆಯೇ ಬೇರೆ. ಗಂಟಲಿನ ಒಳಗಿಂದ, ತಡೆದು ತಡೆದು ಬರುತ್ತಿತ್ತು. ಅದನ್ನು ಕೇಳಿದರೆ ನನ್ನ ಯಜಮಾನರು ರಾಗಿ ಹೊಲದ ಕಡೆ ಹೆಜ್ಜೆ ಇಡುತ್ತಿರಲಿಲ್ಲ. ಒಂದು ಸಲ ಅದರ ಮಾತು ಕೇಳಿದ್ದರಿಂದಲೇ ಅವರು ಉಳಿದಿದ್ದಾರೆ ಅಂತ ನಾನು ನಂಬಿದ್ದೇನೆ.

ಅವರೆಕಾಯಿ ಕಾಲದಲ್ಲಿ ಒಂದು ದಿನ ಹುಲ್ಲಿನ ಮೆದೆಯ ಪಕ್ಕ ಬಿಸಿಲಿಗೆ ಬಿದ್ದುಕೊಂಡಿದ್ದ ಕೆಂಪಿಯ ಹೊಟ್ಟೆ ಸವರುತ್ತಿದ್ದೆ. ಹಿಂಗಾಲ ಬಳಿಯ ಕೊನೆಯ ಮೊಲೆಯ ಕೆಳಗೆ ಬೆರಳಿಗೆ ಏನೋ ಸಿಕ್ಕಿತು. ಒಂದು ಅವರೆಕಾಳಿನಷ್ಟು ಗಂಟು. ನನ್ನ ಕೈಗೆ ತಕ್ಷಣ ಗೊತ್ತಾಯಿತು, ಅಂದರೆ ಗೊತ್ತಾಯಿತು ಅಂದುಕೊಂಡೆ. ಹಾಲು ಕಟ್ಟಿಕೊಂಡಿದೆ.

ಯಜಮಾನರು ಕೂಡ ಕೂತು ಮುಟ್ಟಿ ನೋಡಿದರು. ಅವರು ಮಾತು ಕಡಿಮೆ.

"ಮರಿ ಆಕಿ ವರ್ಷದ ಮ್ಯಾಲಾಯ್ತಲ್ಲಮ್ಮಿ. ಈಗೆಂಗೆ ಆಲು ಕಟ್ಟುತ್ತೆ? ಬಂಗಾರಪೇಟೆಗೆ ಕರ್ಕೊಂಡೋಗಿ ಡಾಕ್ಟ್ರಿಗೆ ತೋರ್ಸಾಣ."

"ಎಷ್ಟ್ ಅಸು ಕೆಚ್ಲು ನೋಡಿರೋ ಕೈ ಇದು! ಕೆಚ್ಲು ಇಚಾರ ನಂಗೇಳ್ಕೊಡ್ಬ್ಯಾಡಿ ನೀವು, ಸುಮ್ಕಿರಿ" ಅಂದೆ.

ಅವರು ಎದ್ದು ಹಸುಗಳಿಗೆ ಹುಲ್ಲು ಹಾಕಲು ಹೋದರು. ಮಾರನೆಯ ದಿನದಿಂದ ನನ್ನ ವೈದ್ಯ ಶುರುವಾಯಿತು. ಬೆಳಗ್ಗೆ ಹಾಲು ಕರೆದು ಸಂಘಕ್ಕೆ ಹಾಕಿ ಬಂದು ಒರಳಿನ ಮುಂದೆ ಕೂರುವುದು. ಲೋಳೆಸರದ ಎಲೆಯ ಮುಳ್ಳು ಸವರಿ, ಅರಿಶಿನ, ಚಿಟಿಕೆ ಸುಣ್ಣ ಹಾಕಿ ರುಬ್ಬುವುದು. ಎರಡು ಮೂರು ದಿನದಲ್ಲೇ ಕೆಂಪಿಗೆ ಒರಳಿನ ಸದ್ದು ಗುರುತಾಗಿಬಿಟ್ಟಿತು. ಗುಂಡು ತಿರುಗಿಸಲು ಶುರು ಮಾಡಿದರೆ ಸಾಕು, ಎಲ್ಲಿದ್ದರೂ ಓಡಿ ಬಂದು ನನ್ನ ಮುಂದೆ ಅಂಗಾತ ಮಲಗಿ ನಾಲ್ಕು ಕಾಲನ್ನೂ ಮೇಲೆತ್ತುತ್ತಿತ್ತು. ನಾನು ಹಸುವಿಗೆ ಮಾಡುವಂತೆಯೇ ಮೊದಲು ಹಿಂಡುತ್ತಿದ್ದೆ. ಹಾಲೂ ಬರುತ್ತಿರಲಿಲ್ಲ, ಕೀವೂ ಬರುತ್ತಿರಲಿಲ್ಲ. ಒಳಗೆ ಕಟ್ಟಿದೆ, ಇನ್ನೂ ಜೋರಾಗಿ ಒತ್ತಬೇಕು ಅಂದುಕೊಳ್ಳುತ್ತಿದ್ದೆ. ಅದು ನೋವಿಗೆ ಕುಂಯ್ ಅನ್ನುತ್ತಿತ್ತು. ಒಂದು ದಿನವೂ ಹಲ್ಲು ತೋರಿಸಲಿಲ್ಲ. ನೋವು ಹೆಚ್ಚಾದರೆ ನನ್ನ ಮಣಿಕಟ್ಟು ನೆಕ್ಕುತ್ತಿತ್ತು.

ಐದು ದಿನದಲ್ಲಿ ಇಳಿಯಲಿಲ್ಲ. ಆಗಲಾದರೂ ನಿಲ್ಲಿಸಬೇಕಿತ್ತು. ಆದರೆ ಮುಟ್ಟಿದಾಗಲೆಲ್ಲ ಇವತ್ತು ಸ್ವಲ್ಪ ಮೆತ್ತಗಾಗಿದೆ ಅನ್ನಿಸುತ್ತಿತ್ತು. ನನ್ನ ಕೈ ನನಗೆ ಬೇಕಾದ್ದನ್ನೇ ಹೇಳುತ್ತಿತ್ತು. ಯುಗಾದಿ ಹೊತ್ತಿಗೆ ಗಂಟು ನಿಂಬೆಹಣ್ಣಿನಷ್ಟಾಯಿತು. ಮಾವಿನಕಾಯಿ ಬಲಿಯುವ ಹೊತ್ತಿಗೆ ಅದರ ಮೇಲಿನ ಚರ್ಮ ಒಡೆದು ನೀರು ಸೋರತೊಡಗಿತು, ನೊಣ ಮುತ್ತತೊಡಗಿದವು. ಆ ದಿನ ಯಜಮಾನರು ನನ್ನನ್ನು ಏನೂ ಕೇಳದೆ ಕೆಂಪಿಯನ್ನು ಎತ್ತಿ ಬೈಕಿನ ಮುಂದೆ ಇಟ್ಟುಕೊಂಡರು. ನಾನು ಹಿಂದೆ ಕೂತೆ.

ಬಂಗಾರಪೇಟೆಯ ಪಶುವೈದ್ಯರು ಬಗ್ಗಿ ನೋಡಿ, ಬೆರಳಿಂದ ಸುತ್ತ ಒತ್ತಿ, ತೊಡೆ ಸಂದಿಯಲ್ಲೂ ಹುಡುಕಿದರು. ಆಮೇಲೆ ನನ್ನ ಮುಖ ನೋಡಿದರು.

"ಇದು ಬಾವಲ್ಲಮ್ಮ, ಗಡ್ಡೆ. ಕ್ಯಾನ್ಸರ್ ಇರಬಹುದು. ಬೆಂಗಳೂರಿಗೆ ಹೋಗಿ, ಬೇಗ ಹೋಗಿ. ಏನಿದು ಹಳದಿ, ಏನು ಹಚ್ಚಿದ್ರಿ?"

"ಅರಿಶ್ನ, ನೊಣ ಕೂರ್ದಂಗೆ" ಅಂದೆ. ನಾಲ್ಕು ತಿಂಗಳ ಹಿಂಡುವಿಕೆಯ ಮಾತು ನನ್ನ ಬಾಯಿಂದ ಬರಲಿಲ್ಲ. ಯಜಮಾನರು ಪಕ್ಕದಲ್ಲೇ ನಿಂತಿದ್ದರು. ನೆಲ ನೋಡುತ್ತಿದ್ದರು.

ಬೆಂಗಳೂರಿಗೆ ಹೋಗುವುದು ಹೇಗೆ ಅನ್ನುವುದೇ ಮೊದಲ ಕಷ್ಟ. ಬಂಗಾರಪೇಟೆಯಿಂದ ಬೆಳಗಿನ ರೈಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಸೋರುವ ಗಾಯದ ನಾಯಿಯನ್ನು ಯಾರು ಹತ್ತಿಸುತ್ತಾರೆ? ಕಂಡಕ್ಟರ್ ಬಸ್ಸಿನ ಮೆಟ್ಟಿಲಿನಿಂದಲೇ ಕೈ ಆಡಿಸಿದ. ಕೊನೆಗೆ ಒಪ್ಪಿದವನು ಸೆಲ್ವಂ. ಚಿನ್ನದ ಗಣಿಯ ಕೋರಮಂಡಲಿನವನು, ಮನೆಮಾತು ತಮಿಳು. ನಮ್ಮ ಸಂಘಕ್ಕೆ ಪಶು ಆಹಾರದ ಮೂಟೆ ತಂದುಹಾಕುವವನು, ಬಂಗಾರಪೇಟೆ ಮಾರುಕಟ್ಟೆಯಿಂದ ಬೆಂಗಳೂರಿಗೆ ತರಕಾರಿ ಹೊಡೆಯುವವನು. ಅವನಪ್ಪ ಗಣಿಯಲ್ಲಿ ಕೆಳಗಿಳಿದು ದುಡಿದವರು, ಎದೆಗೆ ಧೂಳು ಹಿಡಿದು ತೀರಿಕೊಂಡಿದ್ದರು. ಸೆಲ್ವಂ ಟೆಂಪೋದ ಹಿಂದೆ ಟೊಮೆಟೊ ಕ್ರೇಟುಗಳ ನಡುವೆ ಜಾಗ ಮಾಡಿ, ಗೋಣಿಚೀಲ ಒದ್ದೆ ಮಾಡಿ ಹಾಸಿದ. "ಪಾವಂ ಅಕ್ಕಾ, ಬಾಯಿಲ್ದೇ ಇರೋ ಜೀವ. ಕೂತ್ಕೊಳ್ಳಿ, ಮೆಲ್ಲ ಓಡಿಸ್ತೀನಿ" ಅಂದ.

ದೊಡ್ಡ ಪಶು ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ ನಾಯಿಯ ಹೆಸರು, ಒಡತಿಯ ಹೆಸರು ಕೇಳಿದರು. ಸರದಿ ಬಂದಾಗ ಎರಡನ್ನೂ ಸೇರಿಸಿ "ಕೆಂಪಿ ಮುನಿರತ್ನಮ್ಮಾ" ಅಂತ ಕೂಗಿದರು. ಕಾಯುವ ಹಜಾರದ ತುಂಬ ನಾಯಿಗಳು. ಅಂಗಿ ತೊಟ್ಟವು, ಬಾಚಿದ ಕೂದಲಿನವು, ಹೆಗಲ ಚೀಲದಲ್ಲಿ ಕೂತವು. ನಮ್ಮ ಕೆಂಪಿ ಕರುವಿನ ಹಗ್ಗದಲ್ಲಿತ್ತು. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು, ಅವರದು ಮುದಿ ಲ್ಯಾಬ್ರಡಾರ್, "ಯಾವ ಜಾತಿದಮ್ಮ ಇದು?" ಅಂತ ಕೇಳಿದರು. ಅಣಕಿಸುತ್ತಿದ್ದಾರೆ ಅಂದುಕೊಂಡು "ನಮ್ಮೂರಿನ ಜಾತಿ" ಅಂತ ಮುಖ ಗಂಟಿಕ್ಕಿದೆ. ಅವರು ಅಣಕಿಸಿರಲಿಲ್ಲ. ಚೀಲದಿಂದ ಮೆತ್ತನೆಯ ಪಟ್ಟಿಯೊಂದನ್ನು ತೆಗೆದು, "ಹಗ್ಗ ಕುತ್ತಿಗೆಗೆ ಉಜ್ಜುತ್ತೆ, ಇದನ್ನ ಹಾಕಿ. ನಮ್ಮದಕ್ಕೆ ಇನ್ನೊಂದಿದೆ" ಅಂದರು. ನನಗೆ ನಾಚಿಕೆಯಾಯಿತು. ಅವರ ನಾಯಿಗೂ ಇದೇ ಕಾಯಿಲೆ.

ಆಪರೇಷನ್ನಿಗೆ ಮೊದಲು ಎದೆಯ ಎಕ್ಸ್-ರೇ ತೆಗೆಸಿದರು. ಫಿಲ್ಮ್ ಕೈಗೆ ಕೊಟ್ಟು ಡಾಕ್ಟರು ಬರುವ ತನಕ ಕಾಯಿರಿ ಅಂದರು. ಸೆಲ್ವಂ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗಳಕ್ಕೆ ಹೋಗಿ ಸೂರ್ಯನಿಗೆ ಎತ್ತಿ ಹಿಡಿದ. ಒಂದು ಕಣ್ಣು ಮುಚ್ಚಿ ಮೇಲಿಂದ ಕೆಳಗೆ ನೋಡಿದ.

"ನೆಂಜು, ಎದೆ ಕ್ಲೀನಾಗಿದೆ ಅಕ್ಕಾ. ಏನೂ ಇಲ್ಲ."

"ನೀನ್ಯಾವಾಗ್ಲಾ ಡಾಕ್ಟ್ರಾದೆ?" ಅಂದೆ.

"ನಮ್ ಗಣಿ ಲೈನಲ್ಲಿ ಎಲ್ಲಾರ್ ಮನೆಲೂ ಈ ಎಕ್ಸ್-ರೇ ಪಡ ಇತ್ತಕ್ಕಾ. ಅಪ್ಪಂದೇ ಏಳೆಂಟು ಇದೆ, ಅಟ್ಟದ್ ಮೇಲೆ. ಚಿಕ್ಕ ವಯಸ್ಸಿಂದ ನೋಡಿದೀನಿ. ಬಿಳಿ ಬಿಳಿ ಬಂದ್ರೆ ಮುಗೀತು. ಇದ್ರಲ್ಲಿಲ್ಲ."

ಅರ್ಧ ಗಂಟೆ ಬಿಟ್ಟು ಡಾಕ್ಟರಮ್ಮ ಬಂದು ಅದನ್ನೇ ಹೇಳಿದರು. ವಯಸ್ಸು ಮೂವತ್ತೂ ಇರಲಿಕ್ಕಿಲ್ಲ, ಆದರೆ ಗಟ್ಟಿ ಹೆಣ್ಣು. ಶ್ವಾಸಕೋಶಕ್ಕೆ ಹೋಗಿಲ್ಲ, ಆಪರೇಷನ್ ಮಾಡೋಣ, ಆ ಕಡೆಯ ಸಾಲು ಮೊಲೆಗಳನ್ನೂ ತೊಡೆ ಸಂದಿಯ ಗ್ರಂಥಿಯನ್ನೂ ಗರ್ಭಕೋಶವನ್ನೂ ತೆಗೆಯಬೇಕು ಅಂದರು. ಕೆಂಪಿಯನ್ನು ಒಳಗೆ ಕರೆದುಕೊಂಡು ಹೋಗುವಾಗ ಅದು ತಿರುಗಿ ನೋಡಿತು. ಅಂಗಳದ ಮರದ ಕೆಳಗೆ ಮೂರು ಗಂಟೆ ಕೂತೆವು. ಯಜಮಾನರು ಆ ಕರುವಿನ ಹಗ್ಗವನ್ನು ಗಂಟು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು ಮಾಡುತ್ತಿದ್ದರು. ನಾನು ಏನೂ ಮಾಡಲಿಲ್ಲ. ನನ್ನ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದೆ.

ಹೊರಗೆ ತಂದಾಗ ಮುಂಗಾಲ ಸಂದಿಯಿಂದ ಹಿಂಗಾಲ ತನಕ ಹೊಲಿಗೆ. ಯಜಮಾನರ ಹಳೆಯ ಬನಿಯನ್ನಿಗೆ ಕಾಲು ತೂರಲು ತೂತು ಮಾಡಿ ತೊಡಿಸಿ ಊರಿಗೆ ಕರೆತಂದೆವು. ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ ಒರಳಿನ ಗುಂಡನ್ನು ಎತ್ತಿ ಗೋಡೆಗೆ ಒರಗಿಸಿದ್ದು. ಯಾರ ಹಸುವಿಗೆ ಏನಾದರೂ ಆಗಲಿ, ಇನ್ನು ನಾನು ರುಬ್ಬುವುದಿಲ್ಲ ಅಂದುಕೊಂಡೆ.

ಗಡ್ಡೆಯ ಪರೀಕ್ಷೆಯ ವರದಿ ಬಂತು. ಕೆಟ್ಟ ಜಾತಿಯ ಗಡ್ಡೆ, ಗ್ರಂಥಿಗೂ ತಲುಪಿದೆ. ಕೀಮೋ ಕೊಟ್ಟರೆ ಸ್ವಲ್ಪ ಕಾಲ ಸಿಗಬಹುದು, ಗ್ಯಾರಂಟಿ ಇಲ್ಲ ಅಂದರು. ಅವತ್ತು ಯಜಮಾನರು ಔಷಧಿ ತರಲು ಹೋಗಿದ್ದಾಗ ನಾನು ಡಾಕ್ಟರಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಕೆಚ್ಚಲು ಬಾವು ಅಂದುಕೊಂಡಿದ್ದು, ನಾಲ್ಕು ತಿಂಗಳು ಹಿಂಡಿದ್ದು, ಅದು ಅಂಗಾತ ಮಲಗಿ ಕೊಡುತ್ತಿದ್ದದ್ದು.

"ನಾನು ಇಂಡಿದ್ದಕ್ಕೇ ಅರಡ್ತಾ ಮೇಡಮ್ಮು?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹಿಂಡಿದ್ದಕ್ಕೆ ಅಂತ ನಾನು ಹೇಳೋಕಾಗಲ್ಲಮ್ಮ, ಅದು ಯಾರಿಗೂ ಗೊತ್ತಾಗಲ್ಲ. ಆದರೆ ಆ ನಾಲ್ಕು ತಿಂಗಳು ಮುಖ್ಯವಾಗಿತ್ತು. ಸುಳ್ಳು ಹೇಳಲ್ಲ ನಾನು."

ಸುಳ್ಳು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆ ಹುಡುಗಿಯ ಮೇಲೆ ಸಿಟ್ಟೂ ಬಂತು, ಗೌರವವೂ ಬಂತು. ಬಾಗಿಲಾಚೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ.

ಕೀಮೋ ಅಂದರೆ ಏನೋ ಯಂತ್ರ ಅಂದುಕೊಂಡಿದ್ದೆ. ಒಂದು ಬಾಟಲಿ, ಒಂದು ನಳಿಕೆ, ಕೆಂಪು ಬಣ್ಣದ ಔಷಧಿ, ಅಷ್ಟೇ. ಮೂರು ವಾರಕ್ಕೊಂದು ಸಲ. ಮುಂಗಾಲಿನ ನರಕ್ಕೆ ಸೂಜಿ ಹಾಕಿ, ಅಲುಗದಂತೆ ಹಿಡಿದುಕೊಳ್ಳಿ ಅನ್ನುತ್ತಿದ್ದರು. ಅಲುಗಿ ನರದ ಹೊರಗೆ ಸೋರಿದರೆ ಮಾಂಸವೇ ಸುಟ್ಟುಹೋಗುತ್ತದಂತೆ. ಕೆಂಪಿಯನ್ನು ಹಿಡಿಯುವ ಅಗತ್ಯವೇ ಇರಲಿಲ್ಲ. ನಾನು ಎದುರಿಗೆ ಕೂತರೆ ಸಾಕು, ನನ್ನ ಮುಖ ನೋಡಿಕೊಂಡು ಬಾಟಲಿ ಮುಗಿಯುವ ತನಕ ಹಾಗೇ ಮಲಗಿರುತ್ತಿತ್ತು. "ಎಷ್ಟು ಒಳ್ಳೆ ನಾಯಿ" ಅಂತ ಅಲ್ಲಿನವರೆಲ್ಲ ಮೆಚ್ಚುತ್ತಿದ್ದರು. ಅದು ಹೀಗೆ ಮಲಗುವುದನ್ನು ಎಲ್ಲಿ ಕಲಿಯಿತು ಅಂತ ನನಗೆ ಗೊತ್ತಿತ್ತು.

ಔಷಧಿ ಏರಿಸಿ ಬಂದ ಮೇಲೆ ಕೆಲವು ದಿನ ಅದರ ಉಚ್ಚೆ, ವಾಂತಿ ಯಾವುದನ್ನೂ ಬರಿಗೈಯಲ್ಲಿ ಮುಟ್ಟಬಾರದು, ಹಸುಗಳಿಂದ ದೂರ ಕಟ್ಟಬೇಕು. ಹುಟ್ಟಿದಾಗಿನಿಂದ ಹಸುಗಳ ಜೊತೆ ಮಲಗಿದ ಜೀವ ಕೊಟ್ಟಿಗೆಯ ಕಡೆ ಮುಖ ಮಾಡಿಕೊಂಡು ಜಗಲಿಯಲ್ಲಿ ಬಿದ್ದಿರುತ್ತಿತ್ತು. ಮೀಸೆಯ ಕೂದಲು ಉದುರಿದವು. ಹಾಲು ಮುದ್ದೆ ಕಲಸಿ ಇಟ್ಟರೆ ಮೂಸಿ ತಲೆ ತಿರುಗಿಸುತ್ತಿತ್ತು. ನಾನು ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಅಂಗಳ ತೊಳೆಯುವುದನ್ನು ನೋಡಿ ಬೀದಿಯವರು ಗುಸುಗುಸು ಶುರು ಮಾಡಿದರು. ಒಂದು ಸಂಜೆ ಸಂಘದಲ್ಲಿ ಒಬ್ಬಳು ಬಾಯಿಬಿಟ್ಟೇ ಕೇಳಿದಳು.

"ಏನೂ ಅನ್ಕೋಬ್ಯಾಡಕ್ಕಾ. ನಿಮ್ ನಾಯ್ಗೆ ಕ್ಯಾನ್ಸರ್ರಂತೆ. ನಿಮ್ಮನೆ ಆಲು ನಮ್ ಆಲ್ ಜತೆ ಬೆರಿತೈತಲ್ಲ..."

"ನಾಯಿ ಆಲು ಕರ್ದು ತಂದಾಕ್ತಿದೀನೇನಮ್ಮಿ ನಾನು?" ಅಂತ ಕೂಗಾಡಿದೆ. ಅವಳು ಹೆದರಿ ಹೋದಳು. ಅವಳ ಮೇಲೆ ಹಾಗೆ ಕೂಗಬಾರದಿತ್ತು. ಅವಳಿಗೆ ಗೊತ್ತಿಲ್ಲದ್ದನ್ನು ಅವಳು ಕೇಳಿದ್ದಳು. ನಾನು ಹಾಗೆ ಕೇಳುವುದನ್ನೂ ಮಾಡಿರಲಿಲ್ಲ.

ಎರಡನೆಯ ಕೀಮೋ ಆದ ಮೇಲೆ ಕೆಂಪಿ ಮೂರು ದಿನ ನೀರೂ ಮುಟ್ಟಲಿಲ್ಲ. ಯಜಮಾನರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬೆರಳನ್ನು ಗಂಜಿಯಲ್ಲಿ ಅದ್ದಿ ಅದರ ತುಟಿಗೆ ಸವರುತ್ತಿದ್ದರು. ಬಂಗಾರಪೇಟೆಯ ಆ ದಿನದಿಂದಲೂ ಅವರು ನನ್ನನ್ನು ಒಂದು ಮಾತೂ ಅಂದಿರಲಿಲ್ಲ. ನಾನು ಕಾಯುತ್ತಲೇ ಇದ್ದೆ. ಅವತ್ತು ತಡೆಯಲಾಗಲಿಲ್ಲ.

"ಅವತ್ತೇ ಏಳಿದ್ದೆ ಅಂತ ಒಂದ್ ಸಲ ಅಂದ್ಬಿಡ್ರೀ! ಬೈದ್ಬಿಡಿ!"

ಅವರು ತಲೆ ಎತ್ತಲಿಲ್ಲ. "ಏನಂತ ಬೈಲಿ? ನಾನೇ ಕರ್ಕೊಂಡೋಗ್ಬೋದಾಗಿತ್ತು. ಓಗ್ಲಿಲ್ಲ. ನಿನ್ ಕೈ ಮ್ಯಾಲೆ ನಂಗೂ ನಂಬ್ಕೆ ಇತ್ತು ಕಣಮ್ಮಿ."

ಬೈದಿದ್ದರೆ ಹಗುರಾಗುತ್ತಿದ್ದೆ. ಆ ಮಾತನ್ನು ಹೊತ್ತುಕೊಂಡೇ ಒಳಗೆ ಹೋಗಿ ಒಲೆ ಹಚ್ಚಿದೆ.

ಮೂರನೆಯ ಸಲ ಹೋದಾಗ ರಕ್ತ ಪರೀಕ್ಷೆ ಸರಿ ಬರಲಿಲ್ಲ, ಒಂದು ವಾರ ಮುಂದೆ ಹಾಕಿದರು. ಆ ಲ್ಯಾಬ್ರಡಾರಿನ ಹೆಂಗಸು ಅವತ್ತೂ ಇರಲಿಲ್ಲ, ಮುಂದಿನ ವಾರವೂ ಇರಲಿಲ್ಲ. ನಾನು ಯಾರನ್ನೂ ಕೇಳಲಿಲ್ಲ. ಅವರು ಕೊಟ್ಟ ಪಟ್ಟಿ ಕೆಂಪಿಯ ಕುತ್ತಿಗೆಯಲ್ಲಿ ಸಡಿಲವಾಗಿ ನೇತಾಡುತ್ತಿತ್ತು. ಆದರೂ ಮೂರನೆಯದು ಆದ ಮೇಲೆ ಸ್ವಲ್ಪ ಚೇತರಿಕೆ ಬಂತು. ಮುದ್ದೆ ತಿಂದಿತು. ಒಂದು ಬೆಳಗ್ಗೆ ಕಾಡಿನ ಕಡೆ ತಿರುಗಿ ಆ ಗಂಟಲಿನ ದನಿಯಲ್ಲಿ ಬೊಗಳಿತು. ಯಜಮಾನರು ಹೊಲಕ್ಕೆ ಹೊರಟವರು ನಿಂತು ನಕ್ಕರು. ಆ ಒಂದು ತಿಂಗಳನ್ನು ನಾನು ಆ ಕೆಂಪು ಔಷಧಿಯ ಲೆಕ್ಕಕ್ಕೆ ಜಮಾ ಮಾಡುತ್ತೇನೆ. ಯಾರು ಏನೇ ಹೇಳಲಿ, ಮಾಡಿಸಿದ್ದು ದಂಡ ಅಂತ ನಾನು ಹೇಳುವುದಿಲ್ಲ.

ನಾಲ್ಕನೆಯದು ಆಗಿ ಮೂರು ವಾರಕ್ಕೆ ಕೆಮ್ಮು ಶುರುವಾಯಿತು. ಮತ್ತೆ ಎಕ್ಸ್-ರೇ ತೆಗೆಸಿದರು, ಮತ್ತೆ ಫಿಲ್ಮ್ ಕೈಗೆ ಕೊಟ್ಟು ಕಾಯಿರಿ ಅಂದರು. ಈ ಸಲ ನಾನೇ ಸೆಲ್ವಂ ಕೈಗೆ ಕೊಟ್ಟೆ.

ಅವನು ಅಂಗಳಕ್ಕೆ ಹೋಗಿ ಎತ್ತಿ ಹಿಡಿದ. ಒಂದು ಕಣ್ಣು ಮುಚ್ಚಿದ. ಮೇಲಿಂದ ಕೆಳಗೆ ನೋಡಿದ. ಆಮೇಲೆ ಫಿಲ್ಮನ್ನು ಕವರಿನೊಳಗೆ ತೂರಿಸಿ, ಕವರಿನ ಬಾಯಿಯನ್ನು ಎರಡು ಸಲ ಮಡಚಿ, ನನ್ನ ಕೈಗೆ ಕೊಡದೆ ಯಜಮಾನರ ಕೈಗೆ ಕೊಟ್ಟ. ಟೆಂಪೋದ ಹತ್ತಿರ ಹೋಗಿ ಗೋಣಿಚೀಲಕ್ಕೆ ನೀರು ಚಿಮುಕಿಸಲು ಶುರು ಮಾಡಿದ.

ಡಾಕ್ಟರಮ್ಮ ಹೇಳಿದ್ದು ನನಗೆ ಆಗಲೇ ಗೊತ್ತಿದ್ದ ಮಾತು. ಎರಡೂ ಕಡೆ ಹರಡಿದೆ, ಇನ್ನು ಕೀಮೋ ಬೇಡ, ಮನೆಗೆ ಕರೆದುಕೊಂಡು ಹೋಗಿ, ನೋವಿಗೆ ಮಾತ್ರೆ ಕೊಡುತ್ತೇನೆ. ಉಸಿರಿಗೆ ತುಂಬಾ ಒದ್ದಾಡಿದರೆ ಬಂಗಾರಪೇಟೆಯ ಡಾಕ್ಟರಿಗೆ ಹೇಳಿ, ಸೂಜಿ ಹಾಕಿ ಕೊನೆಯ ನಿದ್ದೆ ಮಾಡಿಸುತ್ತಾರೆ ಅಂದರು. ಹೊರಡುವಾಗ ಬಗ್ಗಿ ಕೆಂಪಿಯ ಹಣೆಗೆ ತಮ್ಮ ಹಣೆ ಮುಟ್ಟಿಸಿದರು.

ದಾರಿಯಲ್ಲಿ ಕೋಲಾರ ದಾಟಿದ ಮೇಲೆ ಸೆಲ್ವಂ ರಸ್ತೆ ನೋಡಿಕೊಂಡೇ ಹೇಳಿದ.

"ಅಪ್ಪಂಗೆ ಕೊನೆ ಕೊನೆಗೆ ಮಲಗಕ್ಕೆ ಆಗ್ತಿರ್ಲಿಲ್ಲಕ್ಕಾ. ಮಲಗಿದ್ರೆ ಮೂಚ್ಚು, ಉಸ್ರೇ ಸಿಗ್ತಿರ್ಲಿಲ್ಲ. ಮುಂದೆ ಒಂದ್ ದಿಂಬು ಇಟ್ಟು, ಅದ್ರ ಮೇಲೆ ಎದೆ ಒರಗಿಸಿ ಕೂರಿಸ್ತಿದ್ವಿ. ಇವ್ಳಿಗೂ ಅಂಗೇ ಮಾಡಿ."

ಹಾಗೇ ಮಾಡಿದೆ. ಗೋಣಿಚೀಲಕ್ಕೆ ರಾಗಿ ಹುಲ್ಲು ತುಂಬಿ ಹೊಲಿದು ಕೊಟ್ಟಿಗೆಯಲ್ಲಿ ಇಟ್ಟೆ. ಇನ್ನು ಹಸುಗಳಿಂದ ದೂರ ಕಟ್ಟುವ ಅಗತ್ಯ ಇರಲಿಲ್ಲ. ಕೆಂಪಿ ಅದರ ಮೇಲೆ ಎದೆ, ಗದ್ದ ಇಟ್ಟು ಮಲಗಿತು. ಉಸಿರು ಸ್ವಲ್ಪ ಸಲೀಸಾಯಿತು. ಆ ಸಣ್ಣ ಉಪಕಾರಕ್ಕೆ ಸೆಲ್ವಂನ ಅಪ್ಪನಿಗೆ, ನೋಡಿರದ ಆ ಮನುಷ್ಯನಿಗೆ, ದಿನಾ ಕೈ ಮುಗಿಯುತ್ತಿದ್ದೆ.

ಹೀಗಿರುವಾಗ ಒಂದು ಬೆಳಗ್ಗೆ ಪಕ್ಕದ ಹಳ್ಳಿಯಿಂದ ಒಬ್ಬಳು ಎಳೆಯ ಸೊಸೆ ಓಡಿ ಬಂದಳು. ಇರುವುದೊಂದೇ ಹಸು, ಕರು ಹಾಕಿ ವಾರವಾಗಿದೆ, ಕೆಚ್ಚಲು ಕಲ್ಲಾಗಿದೆ.

"ನಾನೀಗ ಮಾಡಲ್ಲ, ಡಾಕ್ಟ್ರಿಗೆ ಫೋನ್ ಮಾಡಮ್ಮಿ" ಅಂದೆ.

"ಮಾಡಿದೀನಕ್ಕಾ, ಮದ್ಯಾನ ಬತ್ತೀನಿ ಅಂದ್ರು. ಅಲ್ಲೀಗಂಟ ಏನಾರ ಅಚ್ಚಕ್ಕೆ ಕೊಡಕ್ಕಾ. ನೋವ್ಗೆ ಒದ್ದಾಡ್ತೈತೆ."

ಡಾಕ್ಟರಿಗೆ ಮೊದಲು ಹೇಳಿ ಬಂದಿದ್ದಳು, ನನಗಿಂತ ಬುದ್ಧಿವಂತೆ. ಗೋಡೆಗೆ ಒರಗಿದ್ದ ಗುಂಡನ್ನು ತೆಗೆದು ತೊಳೆದು ಒರಳಿಗೆ ಇಟ್ಟೆ. ಲೋಳೆಸರ ಹೆಚ್ಚಿ ಹಾಕಿ ಅರಿಶಿನ ಉದುರಿಸಿ ತಿರುಗಿಸತೊಡಗಿದೆ.

ಕೊಟ್ಟಿಗೆಯಲ್ಲಿ ಸದ್ದಾಯಿತು. ನೀರಿನ ಬಟ್ಟಲಿಗೆ ನಾಲ್ಕು ಹೆಜ್ಜೆ ಇಡಲೂ ಆಗದಿದ್ದ ಕೆಂಪಿ ಎದ್ದು ಬರುತ್ತಿತ್ತು. ಬಾಗಿಲಲ್ಲಿ ಒಮ್ಮೆ ನಿಂತಿತು, ಅಂಗಳದ ನಡುವೆ ಒಮ್ಮೆ ನಿಂತಿತು. ಪಕ್ಕೆ ಪಟಪಟ ಬಡಿಯುತ್ತಿತ್ತು. ನನ್ನ ಮುಂದೆ ಬಂದು ಮೆಲ್ಲಗೆ ಕೂತು, ಒಂದು ಮಗ್ಗುಲಿಗೆ ಬಿದ್ದು, ಉಸಿರು ಕಟ್ಟಿದರೂ ಬಿಡದೆ ಅಂಗಾತವಾಗಿ ತಿರುಗಿ ನಾಲ್ಕು ಕಾಲನ್ನೂ ಮೇಲೆತ್ತಿತು. ಹೊಟ್ಟೆಯ ಮೇಲೆ ಆ ಉದ್ದನೆಯ ಗಾಯದ ಗೆರೆ. ಕಣ್ಣು ನನ್ನ ಕಡೆಗೆ.

"ಅಯ್ಯೋ, ಅದ್ಕೂ ಅಚ್ಚಬೇಕಂತಕ್ಕಾ" ಅಂದಳು ಆ ಹುಡುಗಿ.

ಲೇಪ ತೆಗೆದು ಆ ಗೆರೆಯ ಉದ್ದಕ್ಕೂ ತೆಳ್ಳಗೆ ಹಚ್ಚಿದೆ. ಒತ್ತಲಿಲ್ಲ, ಹಿಂಡಲಿಲ್ಲ. ಬೇಗ ಬೇಗ ಹಚ್ಚಿ ಮಗ್ಗುಲಿಗೆ ತಿರುಗಿಸಿದೆ. ಅದು ನನ್ನ ಮಣಿಕಟ್ಟು ನೆಕ್ಕಿತು. ಉಳಿದದ್ದನ್ನು ಬಟ್ಟಲಿಗೆ ತುಂಬಿ ಹುಡುಗಿಗೆ ಕೊಟ್ಟು, ಡಾಕ್ಟರು ಬಾರದಿದ್ದರೆ ನಾಳೆ ತನಕ ಕಾಯಬೇಡ, ಮತ್ತೆ ಫೋನ್ ಮಾಡು ಅಂತ ಮೂರು ಸಲ ಹೇಳಿ ಕಳಿಸಿದೆ.

ಆಮೇಲೆ ಕೆಂಪಿ ಒಂಬತ್ತು ದಿನ ಇತ್ತು. ಒಂಬತ್ತು ದಿನವೂ ಬೆಳಗ್ಗೆ ಸ್ವಲ್ಪವೇ ರುಬ್ಬಿ, ಅದು ಎದ್ದು ಬರುವ ಮೊದಲು ನಾನೇ ಕೊಟ್ಟಿಗೆಗೆ ಓಡುತ್ತಿದ್ದೆ. ಹತ್ತನೆಯ ದಿನ, ಲೇಪ ಹಚ್ಚಿ ಇನ್ನೂ ಕೈ ತೊಳೆದಿರಲಿಲ್ಲ, ಹುಲ್ಲಿನ ಚೀಲದ ಮೇಲೆ ಗದ್ದ ಇಟ್ಟುಕೊಂಡೇ ಉಸಿರು ನಿಲ್ಲಿಸಿತು.

ಮೆದೆಯ ಪಕ್ಕ, ಬಿಸಿಲು ಕಾಯುತ್ತಿದ್ದ ಜಾಗದಲ್ಲೇ ಯಜಮಾನರು ಗುಂಡಿ ತೋಡಿದರು. ಬಟ್ಟೆ ಸುತ್ತುವ ಮುಂಚೆ ಅದನ್ನು ಮಗ್ಗುಲಿಗೆ ಮಲಗಿಸಿದಾಗ ಹೊಟ್ಟೆಯ ಹಳದಿ ಕಂಡಿತು. ಅವರು ಟವೆಲ್ಲನ್ನು ನೀರಿಗೆ ಅದ್ದಿ ಹಿಂಡಿ ನನ್ನ ಕಡೆ ನೋಡಿದರು.

"ಒರೆಸ್ಲಾ?"

"ಬ್ಯಾಡ, ಇರ್ಲಿ" ಅಂದೆ.